ಪರದೆ ಲೇಪನ ಮತ್ತು ಯುವಿ ಬಣ್ಣ

ಹಲಗೆ, ಬಾಗಿಲು, ಟೈಲ್ಸ್‌ನಂಥ ಚಪ್ಪಟೆ ವಸ್ತುಗಳ ಮೇಲೆ ಬಣ್ಣವನ್ನು ತೆಳುವಾದ ಅಖಂಡ ಪರದೆಯಾಗಿ ಬೀಳಿಸಿ ಸಮನಾಗಿ ಹರಡುವ ಕೈಗಾರಿಕಾ ವಿಧಾನವೇ ಪರದೆ ಲೇಪನ. ಕಾರ್ಖಾನೆಯವರ ಬಾಯಲ್ಲಿ ಇದು ಕರ್ಟನ್ ಕೋಟಿಂಗ್, ಯಂತ್ರ ಕರ್ಟನ್ ಕೋಟರ್. ನೇರಳಾತೀತ ಕಿರಣ ತಾಗಿದಾಗ ಮಾತ್ರ ಗಟ್ಟಿಯಾಗುವ ಬಣ್ಣಕ್ಕೆ ಯುವಿ ಬಣ್ಣ ಎಂದು ಹೆಸರು. ಯಂತ್ರ ಮತ್ತು ಬಣ್ಣ ಬೇರೆಬೇರೆ ಕಡೆ ಬೇರೆಬೇರೆ ಉದ್ದೇಶಕ್ಕಾಗಿ ಹುಟ್ಟಿ, 1960ರ ದಶಕದ ಯುರೋಪಿನ ಪೀಠೋಪಕರಣ ಕಾರ್ಖಾನೆಗಳಲ್ಲಿ ಒಂದಾದವು. ಗಾಳಿಗೆ ಹಾರಿಹೋಗುವ ದ್ರಾವಕವನ್ನೂ ಬಣ್ಣ ಒಣಗಲು ಕಾಯುವ ಹೊತ್ತನ್ನೂ ಕಡಿಮೆ ಮಾಡುವ ಪ್ರಯತ್ನವೇ ಈ ಚರಿತ್ರೆಯ ಎಳೆ. ಅದೇ ಪ್ರಶ್ನೆಗೆ ಚನ್ನಪಟ್ಟಣದ ಕುಶಲಕರ್ಮಿಗಳು ಬಹಳ ಹಿಂದೆಯೇ ಬೇರೊಂದು ಉತ್ತರ ಕಂಡುಕೊಂಡಿದ್ದರು.

ಯಂತ್ರ ಕೆಲಸ ಮಾಡುವ ಬಗೆ

ಕರ್ಟನ್ ಕೋಟರ್‌ನಲ್ಲಿ ಒಂದರ ಹಿಂದೊಂದು ಎರಡು ಕನ್ವೇಯರ್ ಪಟ್ಟಿಗಳಿರುತ್ತವೆ, ನಡುವೆ ಸ್ವಲ್ಪ ಸಂದು. ಸಂದಿನ ನೇರ ಮೇಲೆ ಬಣ್ಣ ತುಂಬಿದ ಉದ್ದನೆಯ ತೊಟ್ಟಿ, ಅಂದರೆ ಯಂತ್ರದ ತಲೆ. ಅದರಿಂದ ಬಣ್ಣ ಹಾಳೆಯಂತೆ ಇಳಿಯುತ್ತಿರುತ್ತದೆ. ಮೊದಲ ಪಟ್ಟಿಯಿಂದ ಹೊರಟ ಹಲಗೆ ಪರದೆಯನ್ನು ಹಾದು ಎರಡನೆಯ ಪಟ್ಟಿಗೆ ಸೇರುವಷ್ಟರಲ್ಲಿ ಅದರ ಮೈಮೇಲೆ ಒಂದೇ ದಪ್ಪದ ಪದರ ಕೂತಿರುತ್ತದೆ. ಹಲಗೆ ಇಲ್ಲದ ಹೊತ್ತಿನಲ್ಲಿ ಬೀಳುವ ಬಣ್ಣ ಕೆಳಗಿನ ದೋಣಿಗೆ ಸೇರಿ, ಸೋಸಿ, ಪಂಪಿನ ಮೂಲಕ ಮತ್ತೆ ತಲೆಗೆ ಏರುತ್ತದೆ. ಸ್ಪ್ರೇ ಗನ್ನಿನಲ್ಲಿ ಹಲಗೆಗೆ ತಾಗದೆ ಗಾಳಿಪಾಲಾಗುವ ಬಣ್ಣ ಇಲ್ಲಿ ಹೀಗೆ ಉಳಿಯುತ್ತದೆ.

ತಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬಣ್ಣ ಮಿಲಿಮೀಟರಿಗೂ ಕಿರಿದಾದ ಸೀಳಿನಿಂದ ಕೆಳಗಿಳಿಯುತ್ತದೆ. ಇನ್ನೊಂದರಲ್ಲಿ ತೊಟ್ಟಿ ತುಂಬಿ ಅಂಚಿನ ಮೇಲಿಂದ ಹೊರಚೆಲ್ಲುತ್ತದೆ. ಈ ಎರಡನೆಯದು ಕೋಲಾರ ಸೀಮೆಯ ಕೆರೆಗಳು ಕೋಡಿ ಬಿದ್ದಾಗ ಕಾಣುವ ನೋಟವೇ: ನೀರು ಧಾರಾಳವಾಗಿದ್ದರೆ ಕೋಡಿಯ ಮೇಲೆ ಗಾಜಿನಂಥ ಹಾಳೆ; ಹರಿವು ತಗ್ಗಿದೊಡನೆ ಹಾಳೆ ಹರಿದು ಎಳೆ ಎಳೆಯಾಗುತ್ತದೆ. ಬಣ್ಣದ ಪರದೆಯೂ ಹಾಗೆಯೇ ಸೀಳಿಹೋಗುತ್ತದೆ. ಮೇಲ್ಮೈ ಎಳೆತ ಪರದೆಯನ್ನು ಕುಗ್ಗಿಸಲು ಸದಾ ಎಳೆಯುತ್ತಿರುತ್ತದೆ. ಬೀಳುವ ಬಣ್ಣದ ರಭಸ ಆ ಎಳೆತವನ್ನು ಮೀರಿದರಷ್ಟೇ ಪರದೆ ನಿಲ್ಲುತ್ತದೆ.

ಪದರದ ದಪ್ಪವನ್ನು ನಿರ್ಧರಿಸುವುದು ಎರಡೇ ಸಂಗತಿ: ಎಷ್ಟು ಬಣ್ಣ ಬೀಳುತ್ತಿದೆ, ಹಲಗೆ ಎಷ್ಟು ವೇಗವಾಗಿ ಓಡುತ್ತಿದೆ. ಒಂದು ಮೀಟರ್ ಅಗಲದ ಪರದೆಯಿಂದ ನಿಮಿಷಕ್ಕೆ 8 ಲೀಟರ್ ಬಣ್ಣ ಇಳಿಯುತ್ತಿದ್ದು, ಹಲಗೆ ನಿಮಿಷಕ್ಕೆ 80 ಮೀಟರ್ ಓಡಿದರೆ ಪ್ರತಿ ಚದರ ಮೀಟರಿಗೆ 100 ಮಿಲಿಲೀಟರ್ ಬಣ್ಣ ಬೀಳುತ್ತದೆ; ಪದರದ ದಪ್ಪ 100 ಮೈಕ್ರಾನ್, ಮಿಲಿಮೀಟರಿನ ಹತ್ತನೆಯ ಒಂದು ಭಾಗ. ವೇಗ ಇಮ್ಮಡಿಯಾದರೆ ದಪ್ಪ ಅರ್ಧಕ್ಕಿಳಿಯುತ್ತದೆ. ಕೈಚಳಕಕ್ಕೆ ಇಲ್ಲಿ ಕೆಲಸವಿಲ್ಲ. ಪಂಪು, ಪಟ್ಟಿಯ ವೇಗ, ಬಣ್ಣದ ಸ್ನಿಗ್ಧತೆ ಈ ಮೂರನ್ನು ಹದದಲ್ಲಿಟ್ಟರೆ ಮೊದಲ ಹಲಗೆಗೂ ಸಾವಿರದ ಹಲಗೆಗೂ ಒಂದೇ ಮೈ ಬರುತ್ತದೆ.

ಅರಗಿನ ಹಿನ್ನೆಲೆ

ಕರ್ನಾಟಕದಲ್ಲಿ ಮರಕ್ಕೆ ಹೊಳಪು ಕೊಡುವ ಕಲೆಯ ಹಳೆಯ ನೆಲೆ ಚನ್ನಪಟ್ಟಣ. ಅಲ್ಲಿ ಹಾಲೆ ಮರದ ತುಂಡನ್ನು ಚರಕಿಗೆ ಕೂಡಿಸಿ, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಎಲೆಯಿಂದ ಉಜ್ಜಿ ಮಿರುಗು ತರುತ್ತಾರೆ. ಥಿನ್ನರ್ ಇಲ್ಲ, ಘಾಟಿಲ್ಲ. ಹಚ್ಚಿದ ಬಣ್ಣವಷ್ಟೂ ಮರದ ಮೇಲೆಯೇ ಉಳಿಯುತ್ತದೆ, ಚರಕಿ ನಿಂತ ಕ್ಷಣದಲ್ಲೇ ವಸ್ತು ಕೈಗೆ ಸಿಗುತ್ತದೆ. 20ನೆಯ ಶತಮಾನದ ಆದಿಯಲ್ಲಿ ಜಪಾನಿನ ಅರಗಿನ ಕೆಲಸದ ಪದ್ಧತಿಗಳನ್ನು ಇಲ್ಲಿಗೆ ಹೊಂದಿಸಿದವರೆಂದು ಬಾವಾಸ್ ಮಿಯಾನ್ ಅವರನ್ನು ಊರು ಸ್ಮರಿಸುತ್ತದೆ. ಚನ್ನಪಟ್ಟಣದ ಆಟಿಕೆಗಳಿಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಆದರೆ ಈ ವಿದ್ಯೆ ಸಾಗುವುದು ತಿರುಗಿಸಬಹುದಾದ ಗುಂಡನೆಯ ವಸ್ತುಗಳ ಮೇಲೆ ಮಾತ್ರ. ಮೇಜಿನ ಹಲಗೆಗೆ, ಬೀರುವಿನ ಬಾಗಿಲಿಗೆ ಅದು ಒದಗದು. ಚಪ್ಪಟೆ ಮರಕ್ಕೆ ಮೆರುಗು ಬೇಕಾದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರ ಉಜ್ಜುವ ಫ್ರೆಂಚ್ ಪಾಲಿಶ್ ಮಾಡಬೇಕಿತ್ತು. ದಿನಗಟ್ಟಲೆ ಹಿಡಿಯುವ ಕೆಲಸ. ಬಳಸಿದ ಸ್ಪಿರಿಟ್ಟೆಲ್ಲ ಗಾಳಿಗೆ ಹೋಗುತ್ತಿತ್ತು.

ಅರಗಿನಿಂದ ಆಧುನಿಕ ಬಣ್ಣದ ಕಡೆಗೆ ರಾಜ್ಯ ಹೊರಳಿದ್ದಕ್ಕೆ ಸಾಕ್ಷಿಯಾಗಿ ನಿಂತಿರುವುದು ಮೈಸೂರಿನ ಒಂದು ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಆರಂಭವಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಸರ್ಕಾರಿ ಉದ್ಯಮವಾಗಿ, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆಯಿತು. ಈ ಕಾರ್ಖಾನೆಯನ್ನು ದೇಶಕ್ಕೆಲ್ಲ ಪರಿಚಯಿಸಿದ್ದು 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಶಾಯಿ.

ಬೆಳಕಿನಿಂದ ಬದಲಾಗುವ ಪದಾರ್ಥಗಳು

ಆ ಶಾಯಿಯ ಗುಟ್ಟು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ತಾಗಿದಂತೆ ಕಪ್ಪಾಗುತ್ತದೆ. 2024ರ ಲೋಕಸಭಾ ಚುನಾವಣೆಗೆ ಮೈಸೂರಿನಿಂದ 26 ಲಕ್ಷಕ್ಕೂ ಹೆಚ್ಚು ಶಾಯಿ ಸೀಸೆಗಳು ಹೋದವು. ಬೆಳಕಿನ ನೆರವಿನಿಂದ ಗುರುತು ಮೂಡಿಸುವ ವಸ್ತುವೊಂದನ್ನು ಈ ಕಾರ್ಖಾನೆ ಆರು ದಶಕಗಳಿಂದ ತಯಾರಿಸುತ್ತ ಬಂದಿದೆ.

ನೇರಳಾತೀತ ಕಿರಣ ಮನುಷ್ಯರಿಗೆ ಮೊದಲು ಗೊತ್ತಾದದ್ದೂ ಇದೇ ಸಿಲ್ವರ್ ಕ್ಲೋರೈಡಿನಿಂದ. 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು ಆ ಪದಾರ್ಥದ ಮೇಲೆ ಬೀಳಿಸಿದಾಗ, ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. 1820ರ ದಶಕದಲ್ಲಿ ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ತಗಡಿನ ಮೇಲೆ ಒಂದು ಬಗೆಯ ಡಾಂಬರನ್ನು ಸವರಿ ಬಿಸಿಲಿಗೆ ಒಡ್ಡಿದ. ಬೆಳಕು ಬಿದ್ದ ಕಡೆ ಡಾಂಬರು ಗಟ್ಟಿಯಾಯಿತು. ಉಳಿದದ್ದನ್ನು ಎಣ್ಣೆಯಲ್ಲಿ ತೊಳೆದಾಗ ಚಿತ್ರ ಉಳಿಯಿತು. ಛಾಯಾಚಿತ್ರದ ಚರಿತ್ರೆಯಲ್ಲಿ ಅದು ಮೊದಲ ಹೆಜ್ಜೆ. ಬೆಳಕಿನಿಂದ ಗಟ್ಟಿಯಾಗುವ ಲೇಪನದ ಚರಿತ್ರೆಯೂ ಅಲ್ಲಿಂದಲೇ ಶುರುವಾಗುತ್ತದೆ.

ಬಿಸಿಲನ್ನು ನೆಚ್ಚಿ ಕಾರ್ಖಾನೆ ನಡೆಸಲಾಗದು. ನಂಬಬಹುದಾದ ಕೃತಕ ಕಿರಣ ಸಿಕ್ಕಿದ್ದು ಪಾದರಸದ ಆವಿ ದೀಪದಿಂದ. 1901ರಲ್ಲಿ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಅದರ ಹಕ್ಕುಪತ್ರ ಪಡೆದ. ಸಾಮಾನ್ಯ ಗಾಜು ಕಿರಣದ ಬಹುಪಾಲನ್ನು ತಡೆಯುವುದರಿಂದ, ಅದನ್ನು ಹಾಯಗೊಡುವ ಸ್ಫಟಿಕ ಗಾಜಿನ ಕೊಳವೆ ಬೇಕಾಯಿತು. ಜರ್ಮನಿಯ ಹನಾವ್‌ನಲ್ಲಿ ರಿಚರ್ಡ್ ಕ್ಯೂಖ್ ಆ ಗಾಜನ್ನು ಹದಕ್ಕೆ ತಂದ. 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದಾಗ ಸಿ.ವಿ. ರಾಮನ್ ಬಳಸಿದ್ದೂ ಪಾದರಸ ದೀಪದ ಬೆಳಕನ್ನೇ. ಪಾದರಸ ದೀಪ ಕೆಲವು ನಿಶ್ಚಿತ ತರಂಗಾಂತರಗಳಲ್ಲೇ ಹೆಚ್ಚು ಶಕ್ತಿಯನ್ನು ಸೂಸುತ್ತದೆ: 254, 313, 365, 405, 436 ನ್ಯಾನೋಮೀಟರ್. ಮುಂದೆ ಬಣ್ಣದ ರಸಾಯನಜ್ಞರು ತಮ್ಮ ಪದಾರ್ಥಗಳನ್ನು ಈ ಪಟ್ಟಿಗೆ ಹೊಂದುವಂತೆಯೇ ರೂಪಿಸಬೇಕಾಯಿತು.

ಪರದೆಯ ಹುಟ್ಟು

ಬೀಳುವ ಹಾಳೆಯ ಅಡಿಯಲ್ಲಿ ವಸ್ತುವನ್ನು ಸಾಗಿಸುವ ಉಪಾಯ ಮೊದಲು ಬಳಕೆಗೆ ಬಂದದ್ದು ಮಿಠಾಯಿ ಕಾರ್ಖಾನೆಗಳಲ್ಲಿ. ಕರಗಿದ ಚಾಕೊಲೇಟಿನ ಪರದೆಯ ಕೆಳಗೆ ಬಿಸ್ಕತ್ತು, ಮಿಠಾಯಿಗಳು ಸಾಗಿ ಕವಚ ತೊಡುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ, 1950ರ ದಶಕದಲ್ಲಿ, ಯುರೋಪಿನ ಯಂತ್ರ ತಯಾರಕರು ಇದನ್ನು ಪೀಠೋಪಕರಣಕ್ಕೆ ತಂದರು. ರೇಡಿಯೋ, ಟಿ.ವಿ. ಪೆಟ್ಟಿಗೆಗಳಿಗೆ ಕನ್ನಡಿಯಂಥ ಮೈ ಬೇಕಿದ್ದ ಕಾಲ ಅದು. ಅಷ್ಟು ಸಮನಾದ ದಪ್ಪ ಪದರ ಕುಂಚದಿಂದಲೂ ಸ್ಪ್ರೇಯಿಂದಲೂ ಸುಲಭವಾಗಿ ಬರುತ್ತಿರಲಿಲ್ಲ.

ಗೋಡೆಯ ಟೈಲ್ಸ್ ಉದ್ಯಮವೂ ಇದನ್ನೇ ಹಿಡಿಯಿತು. ಗಂಟೆಯಾಕಾರದ ಉಬ್ಬಿನ ಮೇಲಿಂದ ಗ್ಲೇಜನ್ನು ಪರದೆಯಾಗಿ ಇಳಿಸಿ, ಕೆಳಗೆ ಟೈಲ್ಸ್ ಸಾಗಿಸುವುದು ಆ ಉದ್ಯಮದ ಸಾಮಾನ್ಯ ಕ್ರಮವಾಯಿತು.

ಪರದೆ ಯಾವಾಗ ನಿಲ್ಲುತ್ತದೆ, ಯಾವಾಗ ಹರಿಯುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಬಿಡಿಸಿದವರು ಬ್ರಿಟನ್ನಿನ ವಿಜ್ಞಾನಿಗಳು. ದ್ರವದ ತೆಳು ಹಾಳೆಗಳ ಚಲನೆಯ ಬಗ್ಗೆ ಜಿ.ಐ. ಟೇಲರ್ 1959ರಲ್ಲಿ ಲೇಖನಗಳನ್ನು ಪ್ರಕಟಿಸಿದರು. 1961ರಲ್ಲಿ ಡಿ.ಆರ್. ಬ್ರೌನ್ ಲೇಪನದ ಪರದೆಯನ್ನೇ ಅಧ್ಯಯನ ಮಾಡಿದರು. ಛಾಯಾಚಿತ್ರ ಫಿಲಂ ಉದ್ಯಮ ಇನ್ನೂ ಮುಂದೆ ಹೋಯಿತು: ಒಂದಕ್ಕೊಂದು ಬೆರೆಯದಂತೆ ಹಲವು ಪದರಗಳನ್ನು ಒಂದೇ ಪರದೆಯಲ್ಲಿ ಇಳಿಸುವ ವಿಧಾನಕ್ಕೆ ಕೊಡಾಕ್‌ನ ಡೊನಾಲ್ಡ್ ಹ್ಯೂಸ್ ಹೆಸರಿನಲ್ಲಿ 1970ರಲ್ಲಿ ಅಮೆರಿಕದ ಹಕ್ಕುಪತ್ರ ದೊರೆಯಿತು.

ಮರದ ಉದ್ಯಮವನ್ನು ಮಾತ್ರ ಒಂದು ತೊಡಕು ಬಿಡದೆ ಕಾಡಿತು. ಆಗಿನ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನಲ್ಲಿ ಹೆಚ್ಚಿನ ಪಾಲು ದ್ರಾವಕವೇ. ದೋಣಿಗೆ ಬಿದ್ದು ಮತ್ತೆ ತಲೆಗೇರುವ ಪ್ರತಿ ಸುತ್ತಿನಲ್ಲೂ ದ್ರಾವಕ ಆರಿ ಬಣ್ಣ ಮಂದವಾಗುತ್ತಿತ್ತು. ಥಿನ್ನರ್ ಸುರಿಯುತ್ತಲೇ ಇರಬೇಕಿತ್ತು. ದಪ್ಪ ಪದರ ಕೊಡುವ ಪಾಲಿಯೆಸ್ಟರ್ ರಾಳ ಬಂತು, ಆದರೆ ಅದಕ್ಕೆ ಗಟ್ಟಿಕಾರಕ ಬೆರೆಸಿದ ಮೇಲೆ ಕೆಲ ಹೊತ್ತಿನಲ್ಲೇ ಹೆಪ್ಪುಗಟ್ಟುತ್ತದೆ. ಸುತ್ತು ಹೊಡೆಯುವ ಯಂತ್ರದೊಳಗೆ ಹಾಗಾದರೆ ಪಂಪು, ಕೊಳವೆ, ತಲೆ ಎಲ್ಲ ಕಲ್ಲಾಗುತ್ತವೆ. ಇದಕ್ಕೆ ಎಂಜಿನಿಯರುಗಳು ಎರಡು ತಲೆಗಳ ಯಂತ್ರ ಕಟ್ಟಿದರು: ಒಂದರಿಂದ ಪೆರಾಕ್ಸೈಡ್ ಬೆರೆತ ರಾಳ, ಇನ್ನೊಂದರಿಂದ ಕೋಬಾಲ್ಟ್ ಬೆರೆತ ರಾಳ. ಎರಡೂ ಹಲಗೆಯ ಮೇಲೆ ಸೇರಿದಾಗಷ್ಟೇ ಕ್ರಿಯೆ ಶುರು. ಉಪಾಯ ಫಲಿಸಿತು, ಆದರೂ ಹಲಗೆಗಳನ್ನು ಗಂಟೆಗಟ್ಟಲೆ ಆರಲು ಇಡಬೇಕಿತ್ತು. ಪರದೆ ಯಂತ್ರಕ್ಕೆ ಬೇಕಿದ್ದದ್ದು ತೊಟ್ಟಿಯಲ್ಲಿ ಎಷ್ಟು ಹೊತ್ತಾದರೂ ನೀರಾಗಿಯೇ ಇದ್ದು, ಹಲಗೆಯ ಮೇಲೆ ತಕ್ಷಣ ಗಟ್ಟಿಯಾಗುವ ಬಣ್ಣ.

ಯಂತ್ರಕ್ಕೆ ತಕ್ಕ ಬಣ್ಣ

ನೇರಳಾತೀತ ಕಿರಣದಿಂದ ಗಟ್ಟಿಯಾಗುವ ಮುದ್ರಣ ಶಾಯಿಗೆ ಮುಂದೆ ಇನ್ಮಾಂಟ್ ಎಂದು ಹೆಸರಾದ ಅಮೆರಿಕದ ಕಂಪನಿ 1946ರಲ್ಲೇ ಹಕ್ಕುಪತ್ರ ಪಡೆದಿತ್ತು. ಮರದ ಬಣ್ಣವಾಗಿ ಇದು ಕಾರ್ಖಾನೆಗೆ ಬಂದದ್ದು 1960ರ ದಶಕದ ಕೊನೆಯಲ್ಲಿ, ಜರ್ಮನಿಯಲ್ಲಿ. ಬಾಯರ್ ಕಂಪನಿಯ ಪಾಲಿಯೆಸ್ಟರ್ ರಾಳಗಳು ಇದರಲ್ಲಿ ಮುಂದಿದ್ದವು. ಸ್ಟೈರೀನ್‌ನಲ್ಲಿ ಕರಗಿಸಿದ ಪಾಲಿಯೆಸ್ಟರಿಗೆ ಬೆಂಜೊಯಿನ್ ಈಥರ್ ಎಂಬ ಬೆಳಕು-ಸ್ಪಂದಿ ಪದಾರ್ಥವನ್ನು ಸ್ವಲ್ಪ ಬೆರೆಸುತ್ತಿದ್ದರು. ಕಿರಣ ಹೀರಿದ ಅದರ ಅಣು ಎರಡಾಗಿ ಸೀಳಿ, ಆ ತುಣುಕುಗಳು ರಾಳದ ಅಣುಗಳನ್ನು ಸರಪಳಿಯಾಗಿ ಹೆಣೆಯುತ್ತಿದ್ದವು. ಇಲ್ಲಿ ಆರಿಹೋಗಬೇಕಾದ ದ್ರಾವಕ ಬಹುಮಟ್ಟಿಗೆ ಇಲ್ಲ. ಸುರಿದ ದ್ರವವೇ ಪದರವಾಗಿ ಉಳಿಯುತ್ತದೆ. ದೀಪದ ಬೆಳಕು ಸೋಕದಂತೆ ಮರೆ ಮಾಡಿದರೆ ಯಂತ್ರದೊಳಗೆ ಬಣ್ಣ ಸುತ್ತುತ್ತಲೇ ಇರಬಹುದು. ಎರಡು ತಲೆಗಳ ಕಟ್ಟುಪಾಡು ಬೇಡವಾಯಿತು.

ಈ ಬಣ್ಣದ ಬಳಕೆಯನ್ನು ಹೆಚ್ಚಿಸಿದ್ದು ಹೊಗೆ ಮತ್ತು ಎಣ್ಣೆ. ಲಾಸ್ ಏಂಜಲೀಸ್ ಆಡಳಿತ ಹೊಗೆಮಂಜು ತಗ್ಗಿಸಲು 1966ರಲ್ಲಿ ತಂದ ‘ನಿಯಮ 66’ ಬಣ್ಣದ ದ್ರಾವಕಗಳನ್ನು ಗಾಳಿಗೆ ಬಿಡುವುದಕ್ಕೆ ಮಿತಿ ಹಾಕಿತು. 1973ರ ತೈಲ ಬಿಕ್ಕಟ್ಟಿನಲ್ಲಿ ದ್ರಾವಕದ ಬೆಲೆಯೂ ಒಣಗಿಸುವ ಒಲೆಗಳ ಇಂಧನದ ಬೆಲೆಯೂ ಏರಿದವು. ಅದೇ ದಶಕದಲ್ಲಿ ಪಾಲಿಯೆಸ್ಟರಿಗಿಂತ ಬೇಗ ಗಟ್ಟಿಯಾಗುವ ಅಕ್ರಿಲೇಟ್ ರಾಳಗಳು ಬಂದವು. ಪ್ರತಿ ಸೆಂಟಿಮೀಟರ್ ಉದ್ದಕ್ಕೆ 80 ವ್ಯಾಟ್, ಆಮೇಲೆ 120 ವ್ಯಾಟ್ ಶಕ್ತಿಯ ದೀಪಗಳ ಅಡಿಯಲ್ಲಿ ಪದರ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗತೊಡಗಿತು. ಹಲಗೆಗಳನ್ನು ಚರಣಿಗೆಯಲ್ಲಿ ಜೋಡಿಸಿ ಕಾಯುವುದು ತಪ್ಪಿತು. ಸಾಲಿನ ತುದಿಯಲ್ಲಿ ಇಳಿಸಿದ ಹಲಗೆಯನ್ನು ಆಗಲೇ ಒಂದರ ಮೇಲೊಂದು ಪೇರಿಸಬಹುದಾಗಿತ್ತು.

ಬಿಳಿ ಬಣ್ಣದ ತೊಡಕು

ಪಾರದರ್ಶಕ ವಾರ್ನಿಷ್ ಸುಲಭವಾಗಿ ಒಗ್ಗಿತು. ಬಣ್ಣ ಬೆರೆತದ್ದು ಒಗ್ಗಲಿಲ್ಲ. ಬಿಳಿ ಬಣ್ಣದ ಜೀವಾಳವಾದ ಟೈಟೇನಿಯಂ ಡೈಆಕ್ಸೈಡ್ ಸುಮಾರು 400 ನ್ಯಾನೋಮೀಟರಿಗಿಂತ ಕೆಳಗಿನ ಕಿರಣವನ್ನು ತಾನೇ ಹೀರಿಕೊಳ್ಳುತ್ತದೆ. ಮೇಲ್ಪದರ ಗಟ್ಟಿ, ತಳ ಹಸಿ. ಪದರ ಸುಕ್ಕುಗಟ್ಟುತ್ತಿತ್ತು, ಇಲ್ಲವೇ ಎದ್ದು ಬರುತ್ತಿತ್ತು. 1980ರ ದಶಕದಲ್ಲಿ ಬಿಎಎಸ್‌ಎಫ್ ಕಂಪನಿ ತಂದ ಅಸೈಲ್‌ಫಾಸ್ಫಿನ್ ಆಕ್ಸೈಡ್ ವರ್ಗದ ಪದಾರ್ಥಗಳು, ಮುಖ್ಯವಾಗಿ ಟಿಪಿಒ, ಈ ಗಂಟನ್ನು ಬಿಡಿಸಿದವು. ಅವು ಟೈಟೇನಿಯಂ ಬಿಟ್ಟುಕೊಡುವ ನೇರಳೆ ಅಂಚಿನ ಬೆಳಕಿಗೂ ಸ್ಪಂದಿಸುತ್ತವೆ. ಜೊತೆಗೆ ಪಾದರಸಕ್ಕೆ ಗ್ಯಾಲಿಯಂ ಬೆರೆಸಿದ ದೀಪಗಳು 417 ನ್ಯಾನೋಮೀಟರಿನ ಸುತ್ತ ಹೆಚ್ಚು ಬೆಳಕು ಕೊಟ್ಟವು. ಗ್ಯಾಲಿಯಂ ದೀಪ ತಳವನ್ನು, ಪಾದರಸ ದೀಪ ಮೇಲ್ಮೈಯನ್ನು ಗಟ್ಟಿ ಮಾಡುವ ಜೋಡಿ ಕ್ರಮ ರೂಢಿಗೆ ಬಂತು.

ಪರದೆಗೆ ತನ್ನದೇ ಮಿತಿಯೂ ಇತ್ತು. ಹರಿವು ತೀರ ತಗ್ಗಿದರೆ ಅದು ಸೀಳಿಹೋಗುವುದರಿಂದ ಬಹಳ ತೆಳು ಪದರ ಅದರಿಂದ ಬರುವುದು ಕಷ್ಟ. ರಬ್ಬರ್ ರೋಲರ್ ಯಂತ್ರವಾದರೋ ಚದರ ಮೀಟರಿಗೆ ಹತ್ತಿಪ್ಪತ್ತು ಗ್ರಾಂ ಬಣ್ಣವನ್ನೂ ಹಚ್ಚಬಲ್ಲದು. ಪದರ ತೆಳುವಾದಷ್ಟೂ ಬಿಳಿ ಬಣ್ಣಕ್ಕೆ ಕಿರಣ ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಸೀಲರ್, ಪ್ರೈಮರ್, ಬಿಳಿ ಪದರಗಳ ಕೆಲಸ ರೋಲರ್ ಪಾಲಾಯಿತು. ರೋಲರಿನ ಗೆರೆಗಳು ಕಾಣದಂತೆ ಕೊನೆಯ ದಪ್ಪ ಮಿರುಗು ಪದರ ಹಾಕುವ ಕೆಲಸ ಪರದೆಗೆ ಉಳಿಯಿತು. ಹೈ ಗ್ಲಾಸ್ ಬೀರು ಬಾಗಿಲುಗಳಲ್ಲಿ ಮುಖ ಕಾಣುವುದು ಇಂಥ ಸಮನಾದ ಮೇಲ್ಪದರದಿಂದ.

ಕರ್ನಾಟಕದ ಹಲಗೆಗಳು

ಚಪ್ಪಟೆ ಲೇಪನಕ್ಕೆ ಚಪ್ಪಟೆ ಹಲಗೆ ಬೇಕು. ದಾಂಡೇಲಿಯ ಕಾಡಂಚಿನಲ್ಲಿ 1940ರ ದಶಕದಲ್ಲೇ ಪ್ಲೈವುಡ್ ತಯಾರಿಕೆ ಆರಂಭವಾಗಿತ್ತು. ಈ ಉದ್ಯಮದ ಸಂಶೋಧನೆಗೆಂದು 1962ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಹುಟ್ಟಿದ ಕೇಂದ್ರ ಇಪಿರ್ಟಿ ಎಂದು ಹೆಸರಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ಉದ್ಯಮ ಹೊಲ, ತೋಪುಗಳಲ್ಲಿ ಬೆಳೆದ ಮರದ ಕಡೆಗೆ ತಿರುಗಿತು.

ಕೋಲಾರ ಜಿಲ್ಲೆಗೆ ತೋಪಿನ ಮರ ಹೊಸದಲ್ಲ. ಸಾಮಾಜಿಕ ಅರಣ್ಯದ ಕಾಲದಲ್ಲಿ ಇಲ್ಲಿನ ರಾಗಿ ಹೊಲಗಳು ನೀಲಗಿರಿ ತೋಪಾದದ್ದನ್ನು ವಂದನಾ ಶಿವಾ ಮತ್ತು ಸಂಗಡಿಗರು 1981ರ ಅಧ್ಯಯನದಲ್ಲಿ ಕಟುವಾಗಿ ಪ್ರಶ್ನಿಸಿದರು. ನೀಲಗಿರಿ ಅಂತರ್ಜಲ ಹೀರುತ್ತದೆಂಬ ದೂರು ದಶಕಗಳ ಕಾಲ ಮುಂದುವರಿದು, 2017ರಲ್ಲಿ ರಾಜ್ಯ ಸರ್ಕಾರ ಅದರ ಹೊಸ ನಾಟಿಯನ್ನು ನಿಷೇಧಿಸಿತು. ನೀಲಗಿರಿಯಂಥ ಬೇಗ ಬೆಳೆಯುವ ಮರವನ್ನು ನಾರಾಗಿಸಿ ಒತ್ತಿ ಮಾಡುವ ಎಂಡಿಎಫ್ ಹಲಗೆಗೆ ತೇಗ, ಬೀಟೆಗಳ ನಾರಿನ ಗೆರೆಗಳೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೆ ಚೆಲುವು ಬರುವುದು ಮೇಲಿನ ಲೇಪನದಿಂದಲೇ. ಗಂಟು, ಗೆರೆಯಿಲ್ಲದ ಅದರ ನುಣುಪು ಮೈ ರೋಲರಿಗೂ ಪರದೆಗೂ ಚೆನ್ನಾಗಿ ಒಗ್ಗುತ್ತದೆ. ಚಿಕ್ಕಮಗಳೂರಿನಲ್ಲಿ ಎಂಡಿಎಫ್ ಕಾರ್ಖಾನೆಯಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಾಡ್ಯುಲರ್ ಅಡುಗೆಮನೆಗಳು ಈ ಬಗೆಯ ಹಲಗೆಗೆ ದೊಡ್ಡ ಮಾರುಕಟ್ಟೆಯಾಗಿವೆ. ಪುಸ್ತಕದ ರಕ್ಷಾಪುಟ, ಲಗ್ನಪತ್ರಿಕೆಗಳ ಮೇಲಿನ ‘ಸ್ಪಾಟ್ ಯುವಿ’ ಮಿರುಗೂ, ಹಲ್ಲಿನ ವೈದ್ಯರು ಬೆಳಕು ಹಿಡಿದು ಗಟ್ಟಿಮಾಡುವ ತುಂಬುವಿಕೆಯೂ ಇದೇ ರಸಾಯನ ಕುಟುಂಬದವು.

ಇಂದಿನ ಸ್ಥಿತಿ

ಯುವಿ ಬಣ್ಣ ನಿರಪಾಯಕಾರಿಯಲ್ಲ. ಗಟ್ಟಿಯಾಗದ ಅಕ್ರಿಲೇಟ್ ಚರ್ಮಕ್ಕೆ ತಾಗಿದರೆ ಅಲರ್ಜಿ ತರಬಲ್ಲದು, ಕೈಗವಸು ಕಡ್ಡಾಯ. ಪಾದರಸ ದೀಪದ ಕಿರಣ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ, ಸುತ್ತಲಿನ ಗಾಳಿಯಲ್ಲಿ ಓಜೋನ್ ಹುಟ್ಟಿಸುತ್ತದೆ. ಮುಚ್ಚಿದ ಕವಚ, ಗಾಳಿ ಹೊರಗೆಳೆಯುವ ಕೊಳವೆ ಬೇಕು. ಪರದೆ ಸೀಳದಂತೆ ಕಾಪಾಡಲು ಅಥವಾ ಸ್ನಿಗ್ಧತೆ ತಗ್ಗಿಸಲು ಕೆಲವರು ಬಣ್ಣವನ್ನು ಕಾಯಿಸುತ್ತಾರೆ, ಕೆಲವರು ಒಂದಿಷ್ಟು ದ್ರಾವಕ ಬೆರೆಸುತ್ತಾರೆ. ಬೆರೆಸಿದಲ್ಲಿ ದೀಪಕ್ಕೆ ಮೊದಲು ಅದನ್ನು ಆರಿಸಲೇಬೇಕು. ಯಂತ್ರದಲ್ಲಿ ಗಾಳಿಗುಳ್ಳೆ ಸೇರಿದರೂ ಫ್ಯಾನಿನ ಗಾಳಿ ಬೀಸಿದರೂ ಪರದೆ ಸೀಳಿ ಹಲಗೆಯ ಮೇಲೆ ಖಾಲಿ ಪಟ್ಟಿ ಬೀಳುತ್ತದೆ. ಹಲಗೆಯ ಅಂಚುಗಳಿಗೆ ಪರದೆ ಸರಿಯಾಗಿ ಒದಗದ ಕಾರಣ ಅವಕ್ಕೆ ಬೇರೆ ಯಂತ್ರ ಅಥವಾ ಪಟ್ಟಿ ಬೇಕು.

ಬೆಳಕಿನ ಮೂಲವೂ ಬದಲಾಗುತ್ತಿದೆ. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಆದ ಮಿನಾಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. 2014ರ ನೊಬೆಲ್ ಬಹುಮಾನ ಪಡೆದ ನೀಲಿ ಎಲ್‌ಇಡಿಯ ಗ್ಯಾಲಿಯಂ ನೈಟ್ರೈಡ್ ತಂತ್ರದಿಂದಲೇ 365ರಿಂದ 405 ನ್ಯಾನೋಮೀಟರಿನ ಯುವಿ ಎಲ್‌ಇಡಿಗಳೂ ಬಂದವು. ಅವುಗಳಲ್ಲಿ ಪಾದರಸವಿಲ್ಲ, ಓಜೋನ್ ಹುಟ್ಟುವುದಿಲ್ಲ, ಹೊತ್ತಿಸಿದ ಕ್ಷಣದಲ್ಲೇ ಪೂರ್ಣ ಬೆಳಕು. ಆದರೆ ಆ ತರಂಗಾಂತರಕ್ಕೆ ಚೆನ್ನಾಗಿ ಸ್ಪಂದಿಸುವ ಟಿಪಿಒವನ್ನು ಯುರೋಪಿನ ರಾಸಾಯನಿಕ ಸಂಸ್ಥೆ 2023ರಲ್ಲಿ ಹೆಚ್ಚಿನ ಕಾಳಜಿಯ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಬಣ್ಣದ ಕಂಪನಿಗಳು ಅದರ ಬದಲಿ ಪದಾರ್ಥಗಳಿಗೆ ಹೊರಳುತ್ತಿವೆ.

ಪರದೆ, ರೋಲರ್, ದೀಪಗಳ ಪೂರ್ಣ ಸಾಲಿಗೆ ದೂಳಿಲ್ಲದ ಉದ್ದನೆಯ ಕೋಣೆ, ಏರಿಳಿತವಿಲ್ಲದ ವಿದ್ಯುತ್ತು, ದಿನವಿಡೀ ಹಲಗೆ ಒದಗಿಸುವಷ್ಟು ಆರ್ಡರು ಬೇಕು. ಹೀಗಾಗಿ ಅದು ದೊಡ್ಡ ಕಾರ್ಖಾನೆಗಳಲ್ಲೇ ಉಳಿದಿದೆ. ಸಣ್ಣ ಬಡಗಿ ಶೆಡ್ಡುಗಳಲ್ಲಿ ಥಿನ್ನರ್ ಬೆರೆತ ಬಣ್ಣವನ್ನು ಸ್ಪ್ರೇ ಮಾಡುವ ಕೆಲಸಗಾರರು ಆ ಆವಿಯನ್ನು ಇಂದಿಗೂ ಉಸಿರಾಡುತ್ತಿದ್ದಾರೆ. ಚಿಕ್ಕ ರೋಲರ್ ಯಂತ್ರಕ್ಕೆ ಎಲ್‌ಇಡಿ ದೀಪ ಜೋಡಿಸಿದ ಸಾಲುಗಳಿಗೆ ಕಡಿಮೆ ಜಾಗ, ಕಡಿಮೆ ವಿದ್ಯುತ್ತು ಸಾಕು. ಈ ತಂತ್ರ ಅಂಥ ಶೆಡ್ಡುಗಳನ್ನು ತಲುಪಬೇಕಾದರೆ ಮೊದಲು ಆಗಬೇಕಾದದ್ದು ಇಂಥ ಯಂತ್ರಗಳು ಅವರ ಕೈಗೆಟಕುವ ಬೆಲೆಗೆ ಬರುವುದು ಮತ್ತು ಬಡಗಿಗಳಿಗೆ ಅವುಗಳಲ್ಲಿ ತರಬೇತಿ ಸಿಗುವುದು.